ಮುಟ್ಟುವ ಮುನ್ನ: ಗಣಕಯಂತ್ರದ ದುರಸ್ತಿ ಮತ್ತು ಕಣ್ಣಿಗೆ ಕಾಣದ ಕಿಡಿ



ಮಾಘಮಾಸದ ಚಳಿಯಲ್ಲಿ, ದೀಪವಾರಿದ ಕೋಣೆಯಲ್ಲಿ, ಹೊದ್ದ ಕಂಬಳಿಯನ್ನು ಸರ್ರನೆ ಎಳೆದಾಗ ಚಟಚಟ ಸದ್ದಾಗಿ ಸಣ್ಣ ಸಣ್ಣ ಕಿಡಿಗಳು ಮಿನುಗಿ ಮರೆಯಾಗುವುದನ್ನು ನಮ್ಮಲ್ಲಿ ಬಹಳ ಜನ ಕಂಡಿರುತ್ತಾರೆ. ಒಣಗಿದ ತಲೆಗೂದಲನ್ನು ಪ್ಲಾಸ್ಟಿಕ್ ಬಾಚಣಿಗೆಯಿಂದ ಬಾಚಿ, ಆ ಬಾಚಣಿಗೆಯನ್ನು ಕಾಗದದ ಚೂರುಗಳ ಬಳಿ ಹಿಡಿದರೆ ಅವು ಹಾರಿ ಬಂದು ಅಂಟಿಕೊಳ್ಳುವ ಆಟವನ್ನು ಆಡದ ಶಾಲಾಬಾಲಕರಿಲ್ಲ. ಮಕ್ಕಳಿಗೆ ವಿನೋದವಾದ, ಹಿರಿಯರಿಗೆ ಕ್ಷುಲ್ಲಕವೆನಿಸುವ ಈ ಸಂಗತಿಯೇ ಮನೆಯಲ್ಲಿರುವ ಗಣಕಯಂತ್ರದ ಜೀವಕ್ಕೆ ಮುಳುವಾಗಬಲ್ಲದೆಂಬುದು ಹಲವರಿಗೆ ತಿಳಿಯದು. ಕಂಪ್ಯೂಟರನ್ನು ಬಿಚ್ಚಿ ಸರಿಪಡಿಸುವ ಕೆಲಸ ಇಂದು ಪೇಟೆಯ ಅಂಗಡಿಯಲ್ಲಷ್ಟೇ ಅಲ್ಲದೆ ಮನೆಯ ಪಡಸಾಲೆಯಲ್ಲಿಯೂ ನಡೆಯುತ್ತಿರುವುದರಿಂದ, ಈ ತಿಂಗಳು ಆ ವಿಷಯವನ್ನೇ ವಿಚಾರಿಸೋಣ.

ಎರಡು ವಸ್ತುಗಳು ಒಂದಕ್ಕೊಂದು ತಗುಲಿ ಬೇರೆಯಾದಾಗ ಒಂದರ ಮೈಯಿಂದ ಅತಿ ಸೂಕ್ಷ್ಮವಾದ ಎಲೆಕ್ಟ್ರಾನುಗಳು ಇನ್ನೊಂದರ ಮೈಗೆ ಜಾರುತ್ತವೆ. ಉಜ್ಜಿದರಂತೂ ಈ ಕೊಡು-ಕೊಳ್ಳುವಿಕೆ ಹೆಚ್ಚುತ್ತದೆ. ಹಾಗೆ ಸಂಗ್ರಹವಾದ ವಿದ್ಯುತ್ತು ಹರಿದುಹೋಗಲು ದಾರಿ ಸಿಗದೆ ಇದ್ದಲ್ಲಿಯೇ ನಿಂತರೆ ಅದನ್ನು ಸ್ಥಿರ ವಿದ್ಯುತ್ತು ಎನ್ನುತ್ತಾರೆ. ಈ ಗುಣವನ್ನು ನಮ್ಮ ಪೂರ್ವಿಕರೂ ಗಮನಿಸಿದ್ದರು. ಉಜ್ಜಿದರೆ ಹುಲ್ಲುಕಡ್ಡಿಯನ್ನು ಸೆಳೆಯುವ ಹಳದಿ ಮಣಿಗೆ ಸಂಸ್ಕೃತದಲ್ಲಿ ತೃಣಮಣಿ ಎಂಬ ಹೆಸರೇ ಇದೆ. ಗ್ರೀಕರು ಅದೇ ಮಣಿಯನ್ನು ಎಲೆಕ್ಟ್ರಾನ್ ಎಂದು ಕರೆದರು. ಎಲೆಕ್ಟ್ರಿಸಿಟಿ ಎಂಬ ಮಾತು ಹುಟ್ಟಿದ್ದು ಅದರಿಂದಲೇ. ಹೀಗೆ ವಿದ್ಯುಚ್ಛಾಸ್ತ್ರದ ಮೊದಲ ಪಾಠವೇ ಸ್ಥಿರ ವಿದ್ಯುತ್ತು.

ನಮ್ಮ ಸೀಮೆಯಲ್ಲಿ ಇದರ ಕಾಟ ಏಕೆ?

ಗಾಳಿಯಲ್ಲಿ ತೇವಾಂಶವಿದ್ದಾಗ ವಸ್ತುಗಳ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಕೂಡುತ್ತದೆ. ಸಂಗ್ರಹವಾದ ವಿದ್ಯುತ್ತು ಆ ಪೊರೆಯ ಮೂಲಕ ಮೆಲ್ಲಮೆಲ್ಲಗೆ ಸೋರಿಹೋಗುತ್ತದೆ. ಗಾಳಿ ಒಣಗಿದರೆ ಆ ದಾರಿ ಮುಚ್ಚುತ್ತದೆ. ಕರಾವಳಿಯ ಜನರಿಗೆ ಈ ತೊಂದರೆ ಕಡಿಮೆ. ಲಕ್ಕುಂಡಿ, ಗದಗ-ಬೆಟಗೇರಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳಂಥ ಬಯಲುಸೀಮೆಯವರಿಗೆ ಸಂಕ್ರಾಂತಿ ಕಳೆದು ಮುಂಗಾರಿನ ಮೊದಲ ಮಳೆ ಬರುವವರೆಗೂ ತೊಂದರೆ ಹೆಚ್ಚು.

ಈ ಪ್ರದೇಶದ ಕಸುಬುದಾರರಿಗೆ ಇದು ಹೊಸ ಮಾತೇನೂ ಅಲ್ಲ. ಹತ್ತಿಯ ಎಳೆಗೆ ತೇವ ಕಡಿಮೆಯಾದರೆ ಅದು ಯಂತ್ರದ ಭಾಗಗಳಿಗೆ ಅಂಟುತ್ತದೆ, ಕಡಿಯುತ್ತದೆ. ಆದ್ದರಿಂದಲೇ ನೂಲಿನ ಗಿರಣಿಗಳಲ್ಲಿ ಗಾಳಿಗೆ ನೀರಿನ ಹನಿಯನ್ನು ಸೇರಿಸುವ ವ್ಯವಸ್ಥೆಯಿರುತ್ತದೆ. ಕೃತಕ ರೇಷ್ಮೆ, ಪಾಲಿಯೆಸ್ಟರ್ ನೂಲುಗಳು ಒಣಹವೆಯಲ್ಲಿ ಒಂದಕ್ಕೊಂದು ತೊಡರುವ ಕಿರಿಕಿರಿಯನ್ನು ನೇಕಾರರು ಬಲ್ಲರು. ಮುದ್ರಣಾಲಯಗಳಿಗೆ ಹೆಸರಾದ ಗದುಗಿನಲ್ಲಿ ಕೆಲಸ ಮಾಡಿದವರನ್ನು ಕೇಳಿದರೆ, ಬೇಸಿಗೆಯಲ್ಲಿ ಕಾಗದದ ಹಾಳೆಗಳು ಬಿಡಿಬಿಡಿಯಾಗಿ ಏಳದೆ ಎರಡೆರಡಾಗಿ ಅಂಟಿ ಬರುವುದರ ಹಿಂದೆ ಇದೇ ಕಾರಣವಿರುವುದನ್ನು ವಿವರಿಸಬಲ್ಲರು. ಹತ್ತಿ, ನೂಲು, ಕಾಗದ—ಈ ಮೂರರಲ್ಲಿ ಆಗುವುದು ಕೆಲಸದ ಅಡಚಣೆ ಮಾತ್ರ. ಗಣಕಯಂತ್ರದಲ್ಲಿ ಆಗುವುದು ಪ್ರಾಣಹಾನಿಯೇ ಸರಿ.

ನಮ್ಮ ಮನೆಗಳು ಬದಲಾದುದೂ ಇದಕ್ಕೆ ಒಂದು ಕಾರಣ. ಅಜ್ಜ-ಅಜ್ಜಿಯರ ಕಾಲದ ಮನೆಯಲ್ಲಿ ಸಗಣಿ ಸಾರಿಸಿದ ಮಣ್ಣಿನ ನೆಲ ಅಥವಾ ಶಹಾಬಾದ್ ಕಲ್ಲಿನ ಹಾಸು, ಮೈಮೇಲೆ ಹತ್ತಿಯ ಬಟ್ಟೆ, ಬರಿಗಾಲು. ಮೈಯಲ್ಲಿ ಕೂಡಿದ ಅಲ್ಪಸ್ವಲ್ಪ ವಿದ್ಯುತ್ತು ಅಂಗಾಲಿನಿಂದ ಭೂಮಿಗೆ ಇಳಿದುಹೋಗುತ್ತಿತ್ತು. ಇಂದು ನೆಲಕ್ಕೆ ನುಣುಪಾದ ಟೈಲ್ಸು, ಅದರ ಮೇಲೆ ನೈಲಾನ್ ಜಮಖಾನೆ, ಕುಳಿತುಕೊಳ್ಳಲು ಪ್ಲಾಸ್ಟಿಕ್ ಕುರ್ಚಿ, ಉಡಲು ಪಾಲಿಯೆಸ್ಟರ್ ಸೀರೆ-ಅಂಗಿ, ಕಾಲಿಗೆ ರಬ್ಬರಿನ ಚಪ್ಪಲಿ. ಭೂಮಿಗೂ ನಮಗೂ ನಡುವೆ ಎಷ್ಟು ಗೋಡೆಗಳನ್ನು ಕಟ್ಟಿಕೊಂಡಿದ್ದೇವೆ ನೋಡಿ!

ಎಷ್ಟು ವಿದ್ಯುತ್ತು? ಎಂಥ ಹಾನಿ?

ಈ ಶಾಸ್ತ್ರದಲ್ಲಿ ರೂಢಿಯಾಗಿ ಉದಾಹರಿಸುವ ಕೆಲವು ಅಂಕಿಗಳು ವಿಚಾರಯೋಗ್ಯವಾಗಿವೆ. ಗಾಳಿಯ ಆರ್ದ್ರತೆ ಶೇ. 10ರಿಂದ 25ರಷ್ಟಿದ್ದಾಗ ಜಮಖಾನೆಯ ಮೇಲೆ ನಡೆದ ಮನುಷ್ಯನ ಮೈಯಲ್ಲಿ 35,000 ವೋಲ್ಟಿನವರೆಗೂ ವಿದ್ಯುತ್ತು ಏರಬಹುದು. ಆರ್ದ್ರತೆ ಶೇ. 65ರಿಂದ 90ರಷ್ಟಿದ್ದರೆ ಅದೇ ನಡಿಗೆಯಿಂದ ಏರುವುದು 1,500 ವೋಲ್ಟು ಮಾತ್ರ. ಒಣಹವೆಯಲ್ಲಿ ಮೇಜಿನ ಮೇಲಿನ ಸಾದಾ ಪ್ಲಾಸ್ಟಿಕ್ ಚೀಲವನ್ನು ಎತ್ತಿಕೊಂಡರೆ 20,000 ವೋಲ್ಟಿನವರೆಗೆ. ಸುಮ್ಮನೆ ಕುರ್ಚಿಯಲ್ಲಿ ಕುಳಿತು ಕೈಕೆಲಸ ಮಾಡುತ್ತಿದ್ದರೂ 6,000 ವೋಲ್ಟಿನವರೆಗೆ. ಮನೆಯ ತಂತಿಯಲ್ಲಿ ಹರಿಯುವ ವಿದ್ಯುತ್ತು 230 ವೋಲ್ಟು ಎಂಬುದನ್ನು ನೆನೆದರೆ ಈ ಅಂಕಿಗಳು ಗಾಬರಿ ಹುಟ್ಟಿಸುತ್ತವೆ. ಆದರೆ ಮನುಷ್ಯನಿಗೆ ಭಯವಿಲ್ಲ. ಇಲ್ಲಿ ಒತ್ತಡ ಹೆಚ್ಚಾದರೂ ಸಂಗ್ರಹ ಅತ್ಯಲ್ಪ. ಸೆಕೆಂಡಿನ ಕೋಟಿಯಲ್ಲಿ ಒಂದೆರಡು ಪಾಲಿನಷ್ಟು ಹೊತ್ತಿನಲ್ಲಿ ಅದು ಹರಿದು ಮುಗಿದುಹೋಗುತ್ತದೆ. ಸುಮಾರು 3,000 ವೋಲ್ಟು ದಾಟಿದರೆ ಮಾತ್ರ ಬೆರಳತುದಿಯಲ್ಲಿ ಚುರ್ರೆಂದು ನಮಗೆ ಅರಿವಾಗುತ್ತದೆ.

ಇಲ್ಲಿಯೇ ಅಪಾಯ ಅಡಗಿರುವುದು. ನಮಗೆ ಅರಿವಾಗಲು ಸಾವಿರಾರು ವೋಲ್ಟು ಬೇಕು. ಸೂಕ್ಷ್ಮವಾದ ಕೆಲವು ಎಲೆಕ್ಟ್ರಾನಿಕ್ ಬಿಡಿಭಾಗಗಳು ಕೆಡಲು ನೂರು ವೋಲ್ಟು, ಕೆಲವೊಮ್ಮೆ ಅದಕ್ಕಿಂತ ಕಡಿಮೆ ಸಾಕು. ಆದ್ದರಿಂದ ‘ನನಗೇನೂ ಚುರ್ರೆನ್ನಲಿಲ್ಲ, ಹಾಗಾದರೆ ಏನೂ ಆಗಿಲ್ಲ’ ಎಂಬ ವಾದಕ್ಕೆ ಬೆಲೆಯಿಲ್ಲ.

ಗಣಕಯಂತ್ರದ ಒಳಗಿನ ಚಿಪ್ಪುಗಳಲ್ಲಿ ಟ್ರಾನ್ಸಿಸ್ಟರ್ ಎಂಬ ಸೂಕ್ಷ್ಮ ಸ್ವಿಚ್ಚುಗಳಿರುತ್ತವೆ. 1971ರಲ್ಲಿ ಬಂದ ಇಂಟೆಲ್ 4004 ಎಂಬ ಮೊದಲ ಮೈಕ್ರೋಪ್ರೊಸೆಸರಿನಲ್ಲಿ ಇವು ಸುಮಾರು 2,300 ಇದ್ದವು. ಇಂದಿನ ಚಿಪ್ಪುಗಳಲ್ಲಿ ನೂರಾರು ಕೋಟಿ ಇವೆ. ಪ್ರತಿಯೊಂದು ಸ್ವಿಚ್ಚಿನಲ್ಲಿಯೂ ವಿದ್ಯುತ್ತು ದಾಟದಂತೆ ತಡೆಯುವ ಒಂದು ಪೊರೆ ಇರುತ್ತದೆ. ಆಧುನಿಕ ಚಿಪ್ಪಿನಲ್ಲಿ ಅದರ ದಪ್ಪ ಕೆಲವೇ ನ್ಯಾನೋಮೀಟರು. ನಮ್ಮ ತಲೆಗೂದಲೊಂದರ ದಪ್ಪ ಅದರ ಹತ್ತಾರು ಸಾವಿರ ಪಟ್ಟು. ಪೊರೆ ತೆಳುವಾದಂತೆಲ್ಲ ಅದು ತಾಳಬಲ್ಲ ಒತ್ತಡವೂ ಇಳಿಯುತ್ತ ಬಂದಿದೆ. ಹಳೆಯ ಕಾಲದ ಚಿಪ್ಪುಗಳು 5 ವೋಲ್ಟಿನಲ್ಲಿ ಕೆಲಸ ಮಾಡುತ್ತಿದ್ದವು. ಇಂದಿನ ಡಿ.ಡಿ.ಆರ್.-4 ರ್ಯಾಮ್ 1.2 ವೋಲ್ಟಿನಲ್ಲಿ, ಡಿ.ಡಿ.ಆರ್.-5 ರ್ಯಾಮ್ 1.1 ವೋಲ್ಟಿನಲ್ಲಿ ಕೆಲಸ ಮಾಡುತ್ತದೆ. ಒಂದು ವೋಲ್ಟಿಗೆ ಒಗ್ಗಿದ ಪೊರೆಯ ಮೇಲೆ ಮೂರು ಸಾವಿರ ವೋಲ್ಟಿನ ಕಿಡಿ ಎರಗಿದರೆ ಗತಿಯೇನು? ಪೊರೆಯಲ್ಲಿ ರಂಧ್ರ ಬೀಳುತ್ತದೆ, ಇಲ್ಲವೇ ಒಳಗಿನ ತಂತಿ ಕರಗುತ್ತದೆ. ಚಿಪ್ಪನ್ನು ತಯಾರಿಸುವವರು ಅದರ ಹೊರದ್ವಾರಗಳಲ್ಲಿ ರಕ್ಷಣೆಯ ವ್ಯವಸ್ಥೆಯನ್ನು ಮಾಡಿರುತ್ತಾರೆಂಬುದು ನಿಜ. ಅದರ ಬಲದಿಂದಲೇ ಎಷ್ಟೋ ಸಲ ಅಜಾಗರೂಕತೆಯೂ ದಕ್ಕಿಹೋಗುತ್ತದೆ. ಆದರೆ ಆ ರಕ್ಷಣೆಗೂ ಒಂದು ಮಿತಿಯಿದೆ.

ಹಾನಿಯಲ್ಲಿ ಎರಡು ಬಗೆ. ಮೊದಲನೆಯದು ತಕ್ಷಣದ ಸಾವು: ರ್ಯಾಮ್ ಹಾಕಿದಿರಿ, ಯಂತ್ರ ಏಳಲೇ ಇಲ್ಲ. ಇದು ಕೆಟ್ಟದ್ದಾದರೂ ಪ್ರಾಮಾಣಿಕವಾದ ಹಾನಿ, ಕಾರಣ ಹುಡುಕಬಹುದು. ಎರಡನೆಯದು ಒಳಪೆಟ್ಟು. ಪೊರೆ ಪೂರ್ತಿ ಹರಿಯದೆ ಸವೆದಿರುತ್ತದೆ. ಯಂತ್ರ ಚೆನ್ನಾಗಿಯೇ ನಡೆಯುತ್ತದೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಒಮ್ಮೊಮ್ಮೆ ಹೇಳದೆ ಕೇಳದೆ ನಿಂತುಬಿಡುತ್ತದೆ, ಬರೆದ ಕಡತ ಕೆಡುತ್ತದೆ, ಕೊನೆಗೊಂದು ದಿನ ಪರೀಕ್ಷೆಯ ಹಿಂದಿನ ರಾತ್ರಿ ಕಣ್ಣುಮುಚ್ಚುತ್ತದೆ. ಆಗ ಮನೆಯವರು ಬೈಯುವುದು ಯಾರನ್ನು? ಮಾರಿದ ಅಂಗಡಿಯವನನ್ನು, ಇಲ್ಲವೇ ಹಿಂದಿನ ದಿನ ಅದನ್ನು ಬಳಸಿದ ಮಗಳನ್ನು. ಅದನ್ನು ಎಂದೋ ಬಿಚ್ಚಿ ಬರಿಗೈಯಿಂದ ಮುಟ್ಟಿದವರು ನೆನಪಿಗೂ ಬರುವುದಿಲ್ಲ. ಮಾಡಿದವನೊಬ್ಬ, ಬೈಗುಳ ಉಂಡವನೊಬ್ಬ. ಸ್ಥಿರ ವಿದ್ಯುತ್ತಿನ ವಿಷಯದಲ್ಲಿ ಹಣದ ನಷ್ಟಕ್ಕಿಂತ ಈ ಅನ್ಯಾಯವೇ ದೊಡ್ಡದೆಂದು ನಮಗೆ ತೋರುತ್ತದೆ.

ಉಪಾಯದ ಮೂಲತತ್ತ್ವ

ರೋಗ ಇಷ್ಟು ಸೂಕ್ಷ್ಮವಾದರೂ ಮದ್ದು ಸರಳ. ವಿದ್ಯುತ್ತು ಹಾರುವುದು ಒತ್ತಡದ ವ್ಯತ್ಯಾಸವಿದ್ದಲ್ಲಿ ಮಾತ್ರ. ಎತ್ತರದ ಕೆರೆಯಿಂದ ತಗ್ಗಿನ ಗದ್ದೆಗೆ ನೀರು ನುಗ್ಗುತ್ತದೆ. ಎರಡರ ಮಟ್ಟ ಒಂದೇ ಆದರೆ ನೀರು ನಿಶ್ಚಲ. ಅದೇ ರೀತಿ ನಮ್ಮ ಮೈ, ಯಂತ್ರದ ಲೋಹದ ಪೆಟ್ಟಿಗೆ, ಕೈಯಲ್ಲಿರುವ ಬಿಡಿಭಾಗ—ಈ ಮೂರೂ ಒಂದೇ ಮಟ್ಟದಲ್ಲಿದ್ದರೆ ಕಿಡಿ ಹಾರಲು ಕಾರಣವೇ ಇಲ್ಲ. ಮೈಯಲ್ಲಿ ವಿದ್ಯುತ್ತು ಹುಟ್ಟದಂತೆ ತಡೆಯುವುದು ಪೂರ್ತಿಯಾಗಿ ನಮ್ಮ ಕೈಯಲ್ಲಿಲ್ಲ. ಆದರೆ ಮುಟ್ಟುವ ಮುನ್ನ ಮೂವರನ್ನೂ ಸಮಗೊಳಿಸುವುದು ನಮ್ಮ ಕೈಯಲ್ಲಿದೆ. ಸ್ಪರ್ಶಕ್ಕೆ ಮೊದಲು ಸಮತ್ವ—ಈ ಒಂದು ಮಾತನ್ನು ನೆನಪಿಟ್ಟರೆ ಮುಂದೆ ಹೇಳುವ ಕ್ರಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಈ ಸಮತ್ವವನ್ನು ಸಾಧಿಸುವ ಉಪಕರಣವೇ ಮಣಿಕಟ್ಟಿನ ಪಟ್ಟಿ. ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಲ್ಲಿ ಆ್ಯಂಟಿಸ್ಟ್ಯಾಟಿಕ್ ರಿಸ್ಟ್ ಸ್ಟ್ರ್ಯಾಪ್ ಎಂದು ಕೇಳಿದರೆ ಕೊಡುತ್ತಾರೆ. ಅದರ ಬೆಲೆ ಹೆಚ್ಚಲ್ಲ. ಕೈಗೆ ಕಟ್ಟುವ ಪಟ್ಟಿ, ಅದರಿಂದ ಹೊರಟ ಸುರುಳಿ ತಂತಿ, ತಂತಿಯ ತುದಿಗೆ ಚಿಮಟ—ಇಷ್ಟೇ. ತಂತಿಯೊಳಗೆ 10 ಲಕ್ಷ ಓಮಿನ ಒಂದು ಪ್ರತಿರೋಧಕ ಇರುತ್ತದೆ. ಅದು ಏಕೆಂದು ತಿಳಿಯುವುದು ಅವಶ್ಯ. ಆಕಸ್ಮಿಕವಾಗಿ 230 ವೋಲ್ಟಿನ ತಂತಿ ತಗುಲಿದರೂ ಆ ಪಟ್ಟಿಯ ಮೂಲಕ ಹರಿಯುವ ವಿದ್ಯುತ್ತು ಒಂದು ಮಿಲಿ ಆಂಪಿಯರಿನ ಕಾಲು ಭಾಗಕ್ಕಿಂತ ಕಡಿಮೆಯಾಗಲೆಂದು. ಸ್ಥಿರ ವಿದ್ಯುತ್ತು ಸೋರಲು ಆ ದಾರಿ ಧಾರಾಳ ಸಾಕು. ಮನುಷ್ಯನನ್ನು ಕೊಲ್ಲಲು ಸಾಲದು. ಆದ್ದರಿಂದ ಖರ್ಚು ಉಳಿಸುವ ನೆಪದಲ್ಲಿ ಬರಿಯ ತಾಮ್ರದ ತಂತಿಯನ್ನು ಕೈಗೆ ಸುತ್ತಿಕೊಳ್ಳುವ ಸಾಹಸವನ್ನು ಯಾರೂ ಮಾಡಬಾರದು. ಅದು ಯಂತ್ರವನ್ನು ಉಳಿಸಲು ಹೋಗಿ ಪ್ರಾಣವನ್ನು ಪಣಕ್ಕಿಟ್ಟಂತೆ.

ಭೂಸಂಪರ್ಕದ ವಿಷಯ

ಇಲ್ಲಿ ನಮ್ಮ ಮನೆಗಳ ಒಂದು ಕೊರತೆಯನ್ನು ಹೇಳಲೇಬೇಕು. ‘ಪ್ಲಗ್ಗನ್ನು ಗೋಡೆಯಲ್ಲಿಯೇ ಬಿಟ್ಟು ಸ್ವಿಚ್ ಆರಿಸಿ, ಆಗ ಯಂತ್ರದ ಪೆಟ್ಟಿಗೆಗೆ ಭೂಸಂಪರ್ಕ ಇರುತ್ತದೆ’ ಎಂದು ಕೆಲವರು ಸಲಹೆ ಕೊಡುವುದುಂಟು. ವೈರಿಂಗ್ ಶುದ್ಧವಾಗಿರುವ ಕಾರ್ಖಾನೆಗೆ ಅದು ಸರಿಯಿರಬಹುದು. ನಮ್ಮ ಹಳೆಯ ಮನೆಗಳಿಗೆ ಅದನ್ನು ಒಪ್ಪಲಾಗದು. ಮೂರು ಪಿನ್ನಿನ ಸಾಕೆಟ್ಟು ಇದ್ದರೂ ಮೂರನೆಯ ರಂಧ್ರಕ್ಕೆ ತಂತಿಯೇ ಇಲ್ಲದ ಮನೆಗಳು ಎಷ್ಟೋ ಇವೆ. ಅಂಥಲ್ಲಿ ಕಂಪ್ಯೂಟರಿನ ಲೋಹದ ಪೆಟ್ಟಿಗೆಯನ್ನು ಮುಟ್ಟಿದರೆ ಜುಮ್ಮೆನ್ನುತ್ತದೆ. ಅದರೊಳಗಿನ ವಿದ್ಯುತ್ ಶೋಧಕ ಭಾಗದಿಂದ ಸೋರುವ ವಿದ್ಯುತ್ತು ಭೂಮಿಗೆ ಇಳಿಯಲಾರದೆ, ಮನೆಯ ವೋಲ್ಟೇಜಿನ ಸುಮಾರು ಅರ್ಧದಷ್ಟು ಒತ್ತಡದಲ್ಲಿ ಪೆಟ್ಟಿಗೆಯ ಮೇಲೆ ನಿಂತಿರುವುದೇ ಅದಕ್ಕೆ ಕಾರಣ. ಕೆಲವು ಮನೆಗಳಲ್ಲಿ ಸ್ವಿಚ್ಚನ್ನು ಫೇಸ್ ತಂತಿಗೆ ಕೊಡುವ ಬದಲು ನ್ಯೂಟ್ರಲ್ ತಂತಿಗೆ ಕೊಟ್ಟಿರುತ್ತಾರೆ; ಆಗ ಸ್ವಿಚ್ ಆರಿಸಿದರೂ ಯಂತ್ರದೊಳಗೆ ಅಪಾಯ ಉಳಿದೇ ಇರುತ್ತದೆ. ಇನ್ನೂ ಒಂದು ಕಾರಣವಿದೆ. ಇಂದಿನ ಕಂಪ್ಯೂಟರು ಆರಿದಂತೆ ಕಂಡರೂ, ಪ್ಲಗ್ ಗೋಡೆಯಲ್ಲಿದ್ದು ಸ್ವಿಚ್ ಹಾಕಿರುವವರೆಗೆ ಅದರ ಮದರ್‌ಬೋರ್ಡಿನಲ್ಲಿ 5 ವೋಲ್ಟು ಜಾಗೃತವಾಗಿರುತ್ತದೆ. ಆ ಸ್ಥಿತಿಯಲ್ಲಿ ರ್ಯಾಮನ್ನು ಕಿತ್ತು ಹಾಕಿದರೆ ಕಿಡಿಯ ನೆರವಿಲ್ಲದೆಯೂ ಅದು ಸುಡಬಹುದು.

ಆದ್ದರಿಂದ ಮನೆಯ ಮಟ್ಟಿಗೆ ನಿಯಮ ಒಂದೇ: ಪ್ಲಗ್ಗನ್ನು ಪೂರ್ತಿಯಾಗಿ ಕೀಳಬೇಕು. ಯು.ಪಿ.ಎಸ್. ಅಥವಾ ಇನ್ವರ್ಟರ್ ಇದ್ದರೆ ಅದರಿಂದಲೂ ಕೀಳಬೇಕು. ಊರಿನಲ್ಲಿ ಕರೆಂಟು ಹೋಗಿದ್ದರೂ ಇನ್ವರ್ಟರು ಎಚ್ಚರವಾಗಿರುತ್ತದೆಂಬುದನ್ನು ಅವಸರದಲ್ಲಿ ಮರೆಯುವವರಿದ್ದಾರೆ. ಪ್ಲಗ್ ಕಿತ್ತರೆ ಸಮತ್ವ ಹೇಗೆ ಬರುತ್ತದೆ ಎಂದು ಕೇಳಬಹುದು. ಪಟ್ಟಿಯ ಚಿಮಟವನ್ನು ಪೆಟ್ಟಿಗೆಯ ಲೋಹಕ್ಕೆ ಸಿಕ್ಕಿಸಿದರೆ ನಾವೂ ಪೆಟ್ಟಿಗೆಯೂ ಒಂದೇ ಮಟ್ಟಕ್ಕೆ ಬರುತ್ತೇವೆ. ಮದರ್‌ಬೋರ್ಡು ಪೆಟ್ಟಿಗೆಗೆ ತಿರುಪಿನಿಂದ ಕೂಡಿಕೊಂಡೇ ಇದೆ. ಭೂಮಿಯ ಮಟ್ಟ ಬೇರೆಯಿದ್ದರೂ ಈ ಕೆಲಸಕ್ಕೆ ಬಾಧಕವಿಲ್ಲ.

ಆದರೆ ಭೂಸಂಪರ್ಕ ಮನೆಗೇ ಬೇಕು. ಅದು ಗೃಹಿಣಿಯರ, ಮಕ್ಕಳ ಪ್ರಾಣದ ಪ್ರಶ್ನೆ. ನಮ್ಮ ಕರಿಮಣ್ಣಿನ ನೆಲ ಬೇಸಿಗೆಯಲ್ಲಿ ಒಣಗಿ, ಕುಗ್ಗಿ, ಬಿರುಕುಬಿಡುತ್ತದೆ. ಅರ್ಥಿಂಗ್ ಕೊಳವೆಗೂ ಮಣ್ಣಿಗೂ ನಡುವೆ ಸಂದು ಬಿದ್ದು, ಮಳೆಗಾಲದಲ್ಲಿ ಚೆನ್ನಾಗಿದ್ದ ಸಂಪರ್ಕ ಬೇಸಿಗೆಯಲ್ಲಿ ದುರ್ಬಲವಾಗುತ್ತದೆ. ಹಿರಿಯರು ಆ ಗುಂಡಿಗೆ ಆಗಾಗ ನೀರು ಹಾಕುತ್ತಿದ್ದುದರ ಮರ್ಮ ಇದೇ. ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರರಿಂದ ವರ್ಷಕ್ಕೊಮ್ಮೆ ಅದನ್ನು ಪರೀಕ್ಷೆ ಮಾಡಿಸುವುದು ಲೇಸು.

ಕೆಲಸದ ಕ್ರಮ

ಮೊದಲನೆಯದಾಗಿ ನಕಲು. ಯಂತ್ರ ನಡೆಯುವ ಸ್ಥಿತಿಯಲ್ಲಿದ್ದರೆ, ಬಿಚ್ಚುವ ಮುನ್ನ ಅದರಲ್ಲಿರುವ ಲೆಕ್ಕಪತ್ರ, ಮಕ್ಕಳ ಟಿಪ್ಪಣಿ, ಮದುವೆಯ ಚಿತ್ರಗಳೆಲ್ಲವನ್ನೂ ಬೇರೊಂದು ಕಡೆ ನಕಲು ಮಾಡಿಟ್ಟುಕೊಳ್ಳಬೇಕು. ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆ, ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಮಹಾತಾಯಿ. ಒಂದೇ ಪ್ರತಿಯನ್ನು ನೆಚ್ಚಿಕೊಂಡರೆ ಅದು ಎಂದಾದರೂ ನಾಶವಾದೀತೆಂಬ ವಿವೇಕ ಆಕೆಗಿತ್ತು. ಅಂಥ ಊರಿನ ನೆರೆಹೊರೆಯವರಾದ ನಾವು ಎರಡನೆಯ ಪ್ರತಿಯೊಂದನ್ನಾದರೂ ಇಟ್ಟುಕೊಳ್ಳದಿದ್ದರೆ ಹೇಗೆ?

ಎರಡನೆಯದು ಸ್ಥಳ. ಕಟ್ಟಿಗೆಯ ಬರಿಯ ಮೇಜು ಒಳ್ಳೆಯದು. ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆ, ಥರ್ಮೋಕೋಲ್, ಪಾಲಿಥೀನ್ ಚೀಲಗಳನ್ನು ಮಾರುದೂರ ಸರಿಸಬೇಕು. ಜಮಖಾನೆಯ ಮೇಲಾಗಲಿ, ಹಾಸಿಗೆ ಅಥವಾ ಸೋಫಾದ ಮೇಲಾಗಲಿ ಈ ಕೆಲಸ ಕೂಡದು. ಬಿರುಬೇಸಿಗೆಯ ಮಧ್ಯಾಹ್ನಕ್ಕಿಂತ ಬೆಳಗಿನ ಹೊತ್ತು ಮೇಲು. ಹವೆ ತೀರ ಒಣಗಿದ್ದರೆ, ಯಂತ್ರದಿಂದ ದೂರದಲ್ಲಿ, ಕಿಟಕಿಗೆ ಒದ್ದೆಯ ಹತ್ತಿ ಬಟ್ಟೆಯನ್ನು ಕಟ್ಟಬಹುದು.

ಮೂರನೆಯದು ಉಡುಪು. ಹತ್ತಿಯ ಬಟ್ಟೆ ಉತ್ತಮ. ಉಣ್ಣೆ, ನೈಲಾನು, ಪಾಲಿಯೆಸ್ಟರು ಬೇಡ. ಸೀರೆಯುಟ್ಟವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಬೇಕು. ಜಡೆಯನ್ನು ಹಿಂದಕ್ಕೆ ಕಟ್ಟಬೇಕು. ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಡಬೇಕು. ಕೊರಳಲ್ಲಿ ಶಿವದಾರವಿರುವವರು ಬಾಗಿದಾಗ ಕರಡಿಗೆ ಮುಂದಕ್ಕೆ ಜೋಲಿ ಬೋರ್ಡಿಗೆ ತಾಗದಂತೆ ಅದನ್ನು ಅಂಗಿಯೊಳಗೆ ಭದ್ರವಾಗಿ ಇರಿಸಿಕೊಳ್ಳಬೇಕು.

ನಾಲ್ಕನೆಯದಾಗಿ, ಪ್ಲಗ್ ಕಿತ್ತ ಮೇಲೆ ಯಂತ್ರದ ಗುಂಡಿಯನ್ನು ಐದಾರು ಸೆಕೆಂಡು ಒತ್ತಿ ಹಿಡಿಯಬೇಕು. ಒಳಗೆ ಉಳಿದ ವಿದ್ಯುತ್ತು ಖರ್ಚಾಗುತ್ತದೆ. ಲ್ಯಾಪ್‌ಟಾಪ್ ಆದರೆ, ತಯಾರಕರು ಹೇಳಿದ ಕ್ರಮದಲ್ಲಿ ಬ್ಯಾಟರಿಯ ಸಂಪರ್ಕವನ್ನೂ ಮೊದಲು ಬಿಡಿಸಬೇಕು.

ಐದನೆಯದಾಗಿ, ಪಟ್ಟಿಯನ್ನು ಚರ್ಮಕ್ಕೆ ತಾಗುವಂತೆ ಬಿಗಿಯಾಗಿ ಕಟ್ಟಿ, ಚಿಮಟವನ್ನು ಪೆಟ್ಟಿಗೆಯ ಬಣ್ಣವಿಲ್ಲದ ಲೋಹಕ್ಕೆ ಸಿಕ್ಕಿಸಬೇಕು. ಬಣ್ಣದ ಮೇಲೆ ಸಿಕ್ಕಿಸಿದರೆ ಕಟ್ಟಿಯೂ ಕಟ್ಟದಂತೆ. ಪಟ್ಟಿ ಸಿಗದಿದ್ದರೆ ಒಂದು ಮುಂಗೈಯನ್ನು ಸದಾ ಆ ಲೋಹಕ್ಕೆ ಆನಿಸಿಕೊಂಡಿರಬೇಕು. ಎದ್ದು ಹೋಗಿ ಬಂದಾಗಲೆಲ್ಲ ಬೇರೇನನ್ನೂ ಮುಟ್ಟುವ ಮುನ್ನ ಮೊದಲು ಪೆಟ್ಟಿಗೆಯನ್ನು ಮುಟ್ಟಬೇಕು. ಕೆಲಸಕ್ಕೆ ಮೊದಲು ಒಮ್ಮೆ ಮುಟ್ಟಿ ಕೈಬಿಟ್ಟರೆ ಸಾಲದು. ಕುರ್ಚಿಯಲ್ಲಿ ಸ್ವಲ್ಪ ಅಲುಗಾಡಿದರೂ ಹೊಸ ವಿದ್ಯುತ್ತು ಹುಟ್ಟುತ್ತಲೇ ಇರುತ್ತದೆ.

ಆರನೆಯದಾಗಿ, ಬಿಡಿಭಾಗಗಳನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಹೊನ್ನಿನ ಬಣ್ಣದ ಹಲ್ಲುಗಳನ್ನೂ ಕರಿಯ ಚಿಪ್ಪುಗಳನ್ನೂ ಬೆರಳಿನಿಂದ ಮುಟ್ಟಬಾರದು. ಹೊಸ ಭಾಗವನ್ನು ಅದರ ಚೀಲದಿಂದ ಹಾಕುವ ಹೊತ್ತಿಗೇ ಹೊರತೆಗೆಯಬೇಕು; ಅದಕ್ಕೂ ಮೊದಲು ಚೀಲವನ್ನು ಯಂತ್ರದ ಪೆಟ್ಟಿಗೆಗೆ ಒಂದು ಕ್ಷಣ ತಾಗಿಸಬೇಕು. ಬೆಳ್ಳಿಬಣ್ಣದ ಚೀಲ ಹೊರಗಿನ ಕಿಡಿಯನ್ನು ತಡೆಯುತ್ತದೆ. ಗುಲಾಬಿ ಬಣ್ಣದ ಚೀಲ ತಾನು ವಿದ್ಯುತ್ತನ್ನು ಹುಟ್ಟಿಸದಿದ್ದರೂ ಹೊರಗಿನದನ್ನು ತಡೆಯಲಾರದು. ಯಾವುದೇ ಆದರೂ ರಕ್ಷಣೆ ಚೀಲದ ಒಳಗಿದೆಯೇ ಹೊರತು ಹೊರಗಿಲ್ಲ. ಬೋರ್ಡನ್ನು ಬೆಳ್ಳಿಬಣ್ಣದ ಚೀಲದ ಮೇಲಿಟ್ಟು ಕೆಲಸ ಮಾಡುವುದು, ಕೊಡೆಯನ್ನು ನೆಲಕ್ಕೆ ಹಾಸಿ ಮಳೆಯಲ್ಲಿ ನಿಂತಂತೆ. ಹಳೆಯ ಭಾಗವನ್ನು ಸಾದಾ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪೇಟೆಗೆ ಒಯ್ಯುವ ರೂಢಿಯನ್ನೂ ಬಿಡಬೇಕು.

ಏಳನೆಯದಾಗಿ, ಎಲ್ಲ ಭಾಗಗಳನ್ನು ಕೂಡಿಸಿ, ಪೆಟ್ಟಿಗೆಯನ್ನು ಮುಚ್ಚಿ, ಕೈಯ ಪಟ್ಟಿಯನ್ನು ಬಿಚ್ಚಿದ ಮೇಲೆಯೇ ಪ್ಲಗ್ ಹಾಕಬೇಕು. ವಿದ್ಯುತ್ತು ಹರಿಯುತ್ತಿರುವ ಯಂತ್ರದಲ್ಲಿ ಪಟ್ಟಿ ಕಟ್ಟಿಕೊಂಡು ಕೈಹಾಕಬಾರದು. ವಿದ್ಯುತ್ ಪೂರೈಸುವ ಎಸ್.ಎಂ.ಪಿ.ಎಸ್. ಡಬ್ಬಿಯನ್ನೂ ಹಳೆಯ ಗಾಜಿನ ಕೊಳವೆಯ ಮಾನಿಟರನ್ನೂ ಮನೆಯಲ್ಲಿ ತೆರೆಯುವ ಮಾತೇ ಬೇಡ. ಪ್ಲಗ್ ಕಿತ್ತ ಮೇಲೂ ಅವುಗಳಲ್ಲಿ ಪ್ರಾಣಾಂತಿಕ ವಿದ್ಯುತ್ತು ಉಳಿದಿರುತ್ತದೆ.

ರಬ್ಬರಿನ ಚಿಕಿತ್ಸೆ ಮತ್ತು ಧೂಳು

ಕಂಪ್ಯೂಟರು ಬೀಪ್ ಬೀಪ್ ಎಂದು ಕೂಗಿ ಏಳದಿದ್ದಾಗ ರ್ಯಾಮನ್ನು ಕಿತ್ತು, ಅದರ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ ಮತ್ತೆ ಹಾಕುವ ಮನೆಮದ್ದು ನಮ್ಮಲ್ಲಿ ಬಹಳ ಪ್ರಚಾರದಲ್ಲಿದೆ. ಅದರಿಂದ ಯಂತ್ರ ಎದ್ದುದನ್ನು ಕಂಡವರೂ ಇದ್ದಾರೆ. ಆದರೆ ವಿಚಾರಿಸಿ ನೋಡಿ: ಉಜ್ಜುವುದರಿಂದಲೇ ಸ್ಥಿರ ವಿದ್ಯುತ್ತು ಹುಟ್ಟುವುದೆಂದು ಮೊದಲೇ ತಿಳಿದೆವಲ್ಲವೇ? ಒಣಹವೆಯಲ್ಲಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಅತಿ ಸೂಕ್ಷ್ಮವಾದ ಭಾಗವನ್ನು ರಬ್ಬರಿನಿಂದ ತಿಕ್ಕುವುದು ರೋಗಿಗೆ ಮದ್ದಿನ ಜೊತೆಯಲ್ಲಿಯೇ ವಿಷವನ್ನೂ ಉಣಿಸಿದಂತೆ. ತಿಕ್ಕಿದಷ್ಟೂ ಹಲ್ಲಿನ ಚಿನ್ನದ ಲೇಪವೂ ಸವೆಯುತ್ತದೆ. ರಬ್ಬರಿನ ಪುಡಿ ಸಂದುಗಳಲ್ಲಿ ಉಳಿಯುತ್ತದೆ. ಅನೇಕ ವೇಳೆ ರ್ಯಾಮನ್ನು ಒಮ್ಮೆ ತೆಗೆದು ಸರಿಯಾಗಿ ಕೂರಿಸಿದರೆ ಸಾಕಾಗುತ್ತದೆ. ಒರೆಸಲೇಬೇಕಾದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಎಂಬ ದ್ರಾವಣವನ್ನು ನೂಲೆದ್ದು ಬರದ ಬಟ್ಟೆಗೆ ತುಸು ಸೋಂಕಿಸಿ, ಕೈಪಟ್ಟಿ ಕಟ್ಟಿಕೊಂಡು, ಮೃದುವಾಗಿ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಬೇಕು. ಆ ದ್ರಾವಣ ಬೇಗ ಹೊತ್ತಿಕೊಳ್ಳುವಂಥದು. ಒಲೆ, ದೀಪಗಳಿಂದ ದೂರವಿರಲಿ.

ಗದಗ ಸೀಮೆಯ ಗಾಳಿ ಗಿರಣಿಗಳನ್ನು ತಿರುಗಿಸುವಷ್ಟು ಬಲವುಳ್ಳದ್ದು. ಅದು ಹೊತ್ತು ತರುವ ಕರಿಮಣ್ಣಿನ ಧೂಳೂ ಹಾಗೆಯೇ. ಧೂಳು ತೆಗೆಯಲು ಮನೆಯ ವ್ಯಾಕ್ಯೂಮ್ ಕ್ಲೀನರಿನ ಪ್ಲಾಸ್ಟಿಕ್ ಮೂತಿಯನ್ನು ಬೋರ್ಡಿನ ಹತ್ತಿರ ಹಿಡಿಯಬಾರದು. ಧೂಳು ಸರಸರನೆ ಹಾದುಹೋಗುವಾಗ ಆ ಮೂತಿಯಲ್ಲಿ ಬಹಳ ವಿದ್ಯುತ್ತು ಹುಟ್ಟುತ್ತದೆ. ನೈಲಾನ್ ಕುಂಚವೂ ಬೇಡ. ಇದಕ್ಕೆಂದೇ ಮಾರುವ ಆ್ಯಂಟಿಸ್ಟ್ಯಾಟಿಕ್ ಕುಂಚ ಸಿಗುತ್ತದೆ. ಗಾಳಿ ಊದಿಸುವಾಗ ಒಳಗಿನ ಫ್ಯಾನು ಗಿರಗಿರನೆ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು.

ಕಸುಬಿನ ತರುಣರಿಗೆ ಒಂದು ಮಾತು

ಬೆಂಗಳೂರಿನಲ್ಲಿ 1948ರಲ್ಲಿ ಐ.ಟಿ.ಐ. ದೂರವಾಣಿ ಕಾರ್ಖಾನೆ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾದವು. 2020ರಿಂದ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನುಗಳ ಜೋಡಣೆ ಆರಂಭವಾಯಿತು. ಎಲೆಕ್ಟ್ರಾನಿಕ್ ಜೋಡಣೆಯ ಇಂಥ ಕೈಗಾರಿಕೆಯಲ್ಲಿ ವಿದ್ಯುತ್ತನ್ನು ಸೋರಿಸುವ ನೆಲ, ಮೇಜಿನ ಹಾಸು, ವಿಶೇಷ ಪಾದರಕ್ಷೆ, ಕೈಯ ಪಟ್ಟಿ—ಇವು ಕೆಲಸದ ಶಿಸ್ತಿನ ಭಾಗವೇ ಆಗಿವೆ. ಪಟ್ಟಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಿಕೊಂಡೇ ಕೆಲಸಕ್ಕೆ ಕೂಡುವುದು ಅಲ್ಲಿಯ ಪದ್ಧತಿ. ಅಲ್ಲಿ ಅಷ್ಟು ಜತನದಿಂದ ಹುಟ್ಟಿದ ಯಂತ್ರ, ನಮ್ಮೂರಿನ ಮೇಜಿನ ಮೇಲೆ ಒಂದು ಕ್ಷಣದ ಉದಾಸೀನಕ್ಕೆ ಬಲಿಯಾಗುವುದು ಉಚಿತವೇ?

ಕಂಪ್ಯೂಟರ್, ಮೊಬೈಲ್ ದುರಸ್ತಿಯನ್ನೇ ಕಾಯಕವಾಗಿಸಿಕೊಂಡ ತರುಣರು ಗದಗ, ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿಗಳ ಪೇಟೆಯಲ್ಲಿ ಈಗ ಕಡಿಮೆಯಿಲ್ಲ. ‘ಹತ್ತು ವರ್ಷದಿಂದ ಬರಿಗೈಯಲ್ಲಿ ಮಾಡುತ್ತಿದ್ದೇನೆ, ಏನೂ ಆಗಿಲ್ಲ’ ಎಂದು ಅವರಲ್ಲಿ ಕೆಲವರು ಹೇಳುವುದುಂಟು. ಒಳಪೆಟ್ಟು ಬಿದ್ದ ಯಂತ್ರ ಅಂಗಡಿಯಲ್ಲಿ ಸಾಯುವುದಿಲ್ಲ, ಗಿರಾಕಿಯ ಮನೆಯಲ್ಲಿ ಸಾಯುತ್ತದೆ. ಆದ್ದರಿಂದ ಅದು ಅವರ ಲೆಕ್ಕಕ್ಕೆ ಬಂದಿಲ್ಲ, ಅಷ್ಟೇ. ಗಿರಾಕಿ ಕಾಣದ ಕಡೆಯಲ್ಲಿಯೂ ಕೆಲಸ ಶುದ್ಧವಾಗಿದ್ದರೆ ಅದಕ್ಕೆ ಕಾಯಕವೆಂಬ ಹೆಸರು ಸಲ್ಲುತ್ತದೆ. ಮನೆಯವರೂ ಅಷ್ಟೇ: ದುರಸ್ತಿಗೆ ಕೊಡುವಾಗ ‘ಕೈಗೆ ಪಟ್ಟಿ ಕಟ್ಟಿಕೊಂಡು ಮಾಡ್ತೀರೇನಪ್ಪಾ?’ ಎಂದು ವಿಶ್ವಾಸದಿಂದ ಕೇಳಬಹುದು. ಕೇಳುವವರಿದ್ದರೆ ಕಟ್ಟಿಕೊಳ್ಳುವವರೂ ಹೆಚ್ಚುತ್ತಾರೆ.

ಒಂದು ಕಂಪ್ಯೂಟರು ಮಧ್ಯಮವರ್ಗದ ಮನೆಗೆ ಇಂದಿಗೂ ಚಿಕ್ಕ ಖರ್ಚಲ್ಲ. ಮಗಳ ಓದು, ಅಂಗಡಿಯ ಲೆಕ್ಕ, ಸಹಕಾರ ಸಂಘದ ದಾಖಲೆ—ಇವೆಲ್ಲ ಅದರೊಳಗಿವೆ. ಅದನ್ನು ಕೆಡಿಸಬಲ್ಲ ಕಿಡಿ ಕಣ್ಣಿಗೆ ಕಾಣದು, ಕಿವಿಗೆ ಕೇಳದು, ಬೆರಳಿಗೂ ತಿಳಿಯದು. ತಿಳಿವಳಿಕೆಯೊಂದೇ ಅದನ್ನು ಕಾಣಬಲ್ಲ ಕಣ್ಣು. ಈ ಪುಟವನ್ನು ಓದಿದ ಹಿರಿಯರು ಮನೆಯ ಮಕ್ಕಳಿಗೆ ಬಾಚಣಿಗೆ-ಕಾಗದದ ಆಟವನ್ನು ತೋರಿಸುವಾಗ, ‘ಇದೇ ಶಕ್ತಿ ಯಂತ್ರವನ್ನು ಕೊಲ್ಲಬಲ್ಲದು, ಆದ್ದರಿಂದ ಮೊದಲು ಪೆಟ್ಟಿಗೆಯನ್ನು ಮುಟ್ಟು, ಆಮೇಲೆ ಒಳಗೆ ಕೈಹಾಕು’ ಎಂಬ ಮಾತನ್ನೂ ಸೇರಿಸಿ ಹೇಳಲಿ.